ಸೈನ್ಯದ ವಿಮಾನ ಚಾಲಕರ ವೇತನ ವಿಚಾರ

ಯೋಧನಿಗೂ ಅವನನ್ನು ಪೋಷಿಸುವ ರಾಜ್ಯಕ್ಕೂ ಇರುವ ಋಣವನ್ನು ನಮ್ಮ ಹಿಂದಿನವರು ಎರಡು ಮಾತುಗಳಲ್ಲಿ ಹೇಳುತ್ತಿದ್ದರು. ಉಂಡ ಅನ್ನಕ್ಕೆ ತಕ್ಕಂತೆ ದುಡಿದು, ವೇಳೆ ಬಂದಾಗ ಪ್ರಾಣವನ್ನೂ ಒಪ್ಪಿಸಿ, ಒಡೆಯನ ಋಣವನ್ನು ತೀರಿಸುವುದು ಜೋಳವಾಳಿ. ಹಾಗೆ ಮಡಿದವನ ಮನೆಯವರಿಗೆ ಒಡೆಯನು ಭೂಮಿಯನ್ನು ಬಿಟ್ಟುಕೊಟ್ಟು ತನ್ನ ಋಣವನ್ನು ತೀರಿಸುವುದು ನೆತ್ತರುಗೊಡಗೆ. ಬೆಂಗಳೂರಿಗೆ ಸಮೀಪದ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ವೀರಗಲ್ಲು, ನಾಗತ್ತರನೆಂಬ ವೀರನು ಕಾಳಗದಲ್ಲಿ ಸತ್ತಮೇಲೆ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟನೆಂದು ತಿಳಿಸುತ್ತದೆ. ದುಡಿಮೆಗೆ ಒಂದು ಲೆಕ್ಕ, ನೆತ್ತರಿಗೆ ಒಂದು ಲೆಕ್ಕ. ಎರಡೂ ಎಲ್ಲರಿಗೂ ತಿಳಿದ ಲೆಕ್ಕಗಳೇ.

ಇವುಗಳ ಪಕ್ಕದಲ್ಲಿ ಮೂರನೆಯ ಲೆಕ್ಕವೊಂದನ್ನು ಈಚಿನ ಕಾಲವು ಸೇರಿಸಿದೆ. ಯೋಧನು ಸತ್ತಿಲ್ಲ, ಕರಾರಿನ ಪ್ರಕಾರ ಸಲ್ಲಿಸಬೇಕಾದ ಸೇವೆಯನ್ನು ಪೂರ್ತಿಯಾಗಿ ಸಲ್ಲಿಸಿದ್ದಾನೆ, ಇನ್ನು ಅವನು ಹೊರಟುಹೋಗಬಹುದು, ಹೊರಗೆ ಹೆಚ್ಚಿನ ಸಂಬಳ ಕೊಡುವವರು ಕಾದು ನಿಂತಿದ್ದಾರೆ. ಆಗ ರಾಜ್ಯವು ಹೋಗಬೇಡವೆಂದು ಅವನನ್ನು ಬೇಡಿಕೊಂಡು, ಅದಕ್ಕಾಗಿಯೇ ಬೇರೊಂದು ಮೊತ್ತವನ್ನು ಕೊಡುತ್ತದೆ. ಇದು ದುಡಿಮೆಯ ಕೂಲಿಯೂ ಅಲ್ಲ, ನೆತ್ತರಿನ ಬೆಲೆಯೂ ಅಲ್ಲ; ಬಿಟ್ಟುಹೋಗದೆ ಇದ್ದುದರ ಬೆಲೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸೈನ್ಯದಲ್ಲಿ ವಿಮಾನ ಚಾಲಕರಿಗೆ ಕೊಟ್ಟ ವೇತನದ ಚರಿತ್ರೆಯಲ್ಲಿ ಈ ಮೂರು ಲೆಕ್ಕಗಳೂ ಒಂದಾದಮೇಲೊಂದು ಕಾಣಿಸಿಕೊಳ್ಳುತ್ತವೆ. ಕಾಯಿದೆಗಳಲ್ಲಿ ಬರೆಯಲ್ಪಟ್ಟಿರುವುದರಿಂದ ಅವುಗಳ ಜಾಡು ಹಿಡಿಯುವುದು ಕಷ್ಟವಲ್ಲ. ಪ್ರತಿಯೊಂದು ಲೆಕ್ಕಕ್ಕೂ ಅದರದೇ ಆದ ನ್ಯಾಯವುಂಟು. ಒಂದರ ನ್ಯಾಯವನ್ನು ಇನ್ನೊಂದಕ್ಕೆ ಹಚ್ಚಿದಾಗಲೆಲ್ಲ ಜಗಳ ಹುಟ್ಟಿದೆ. ಈ ಸಂಗತಿಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೧೯೦೭ನೆಯ ಇಸವಿ ಆಗಸ್ಟ್ ೧ರಂದು ಅಮೆರಿಕದ ಭೂಸೈನ್ಯದ ಸಂಜ್ಞಾದಳದಲ್ಲಿ ಆಕಾಶಯಾನಕ್ಕಾಗಿ ಒಂದು ಚಿಕ್ಕ ಶಾಖೆಯನ್ನು ತೆರೆದರು. ಮರುವರ್ಷ ಸೆಪ್ಟೆಂಬರ್ ೧೭ರಂದು ಫೋರ್ಟ್ ಮೈಯರ್ ಎಂಬಲ್ಲಿ ಆರ್ವಿಲ್ ರೈಟನು ತನ್ನ ವಿಮಾನವನ್ನು ಸೈನ್ಯದವರಿಗೆ ಪರೀಕ್ಷೆಗಾಗಿ ಹಾರಿಸಿ ತೋರಿಸುತ್ತಿದ್ದಾಗ ಅದು ನೆಲಕ್ಕೆ ಬಿದ್ದು, ಅವನ ಪಕ್ಕದಲ್ಲಿ ಕುಳಿತಿದ್ದ ಲೆಫ್ಟೆನೆಂಟ್ ಥಾಮಸ್ ಸೆಲ್‌ಫ್ರಿಜ್ ಎಂಬುವನು ಮೃತನಾದನು. ಯಂತ್ರದಿಂದ ನಡೆಯುವ ವಿಮಾನದ ಅಪಘಾತದಲ್ಲಿ ಸತ್ತವರಲ್ಲಿ ಈತನೇ ಮೊದಲಿಗನು. ಆದರೂ ೧೯೦೯ರಲ್ಲಿ ಸೈನ್ಯವು ರೈಟ್ ಸಹೋದರರ ವಿಮಾನವನ್ನು ಕೊಂಡುಕೊಂಡಿತು. ಗೊತ್ತಾದ ಬೆಲೆ ೨೫,೦೦೦ ಡಾಲರು. ಗಂಟೆಗೆ ೪೦ ಮೈಲಿಗಿಂತ ಹೆಚ್ಚು ವೇಗ ಬಂದರೆ, ಹೆಚ್ಚಿನ ಒಂದೊಂದು ಮೈಲಿಗೂ ನೂರಕ್ಕೆ ಹತ್ತರಂತೆ ಬೋನಸ್ಸು ಕೊಡುವುದಾಗಿ ಕರಾರಾಗಿತ್ತು. ವಿಮಾನವು ೪೨ ಮೈಲಿಗೂ ಮೀರಿ ಹಾರಿದ್ದರಿಂದ ೫,೦೦೦ ಡಾಲರು ಹೆಚ್ಚಾಗಿ ಸಂದಿತು. ಹೀಗೆ ಸೈನ್ಯದ ವಿಮಾನಗಳ ಚರಿತ್ರೆಯಲ್ಲಿ ಮೊದಲ ಬೋನಸ್ಸು ಯಂತ್ರಕ್ಕೆ ಸಿಕ್ಕಿತು. ಯಂತ್ರವನ್ನು ನಡೆಸುವ ಮನುಷ್ಯನಿಗೆ ಏನು ಕೊಡಬೇಕೆಂಬ ಯೋಚನೆಯು ಕಾಯಿದೆಗೆ ಬರಲು ಮತ್ತೆ ನಾಲ್ಕು ವರ್ಷಗಳು ಹಿಡಿದವು.

೧೯೧೩ನೆಯ ಇಸವಿ ಮಾರ್ಚ್ ೨ರ ಕಾಯಿದೆಯು ವಿಮಾನದ ಕೆಲಸಕ್ಕೆ ನೇಮಕವಾದ ಅಧಿಕಾರಿಗಳಿಗೆ ಸಂಬಳದ ಮೇಲೆ ನೂರಕ್ಕೆ ೩೫ರಷ್ಟು ಹೆಚ್ಚಳವನ್ನು ಮಂಜೂರು ಮಾಡಿತು. ಅಂತಹವರು ಮೂವತ್ತು ಮಂದಿಗೆ ಮೀರಬಾರದೆಂದೂ ವಿಧಿಸಿತು. ಅದರ ಕಾರಣವು ಸ್ಪಷ್ಟವಾಗಿದೆ. ಆ ಕಾಲದಲ್ಲಿ ವಿಮಾನ ಕಲಿಯಲು ಹೋದವರಲ್ಲಿ ಸತ್ತವರ ಸಂಖ್ಯೆ ಭಯಂಕರವಾಗಿದ್ದಿತು. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊ ಪಟ್ಟಣದ ಶಿಕ್ಷಣಾಲಯದಲ್ಲಿ ಒಬ್ಬರ ಹಿಂದೊಬ್ಬರು ತರುಣ ಅಧಿಕಾರಿಗಳು ಬಿದ್ದು ಸತ್ತುದರಿಂದ, ೧೯೧೪ರ ಫೆಬ್ರವರಿಯಲ್ಲಿ ವಿಚಾರಣಾ ಮಂಡಲಿಯೊಂದು ಕುಳಿತು, ಎಂಜಿನ್ನು ಚಾಲಕನ ಬೆನ್ನ ಹಿಂದಿರುವ ಮಾದರಿಯ ವಿಮಾನಗಳೆಲ್ಲ ಅಪಾಯಕರವೆಂದು ತೀರ್ಮಾನಿಸಿತು. ವಿಮಾನ ಬಿದ್ದರೆ ಆ ಎಂಜಿನ್ನು ಮುಂದಕ್ಕೆ ಬಂದು ಚಾಲಕನನ್ನೇ ಜಜ್ಜುತ್ತಿದ್ದಿತು.

ಅದೇ ವರ್ಷ ಜುಲೈ ೧೮ರಂದು ಬಂದ ಕಾಯಿದೆಯು ಇನ್ನೂ ವಿಸ್ತಾರವಾದುದು. ೬೦ ಅಧಿಕಾರಿಗಳೂ ೨೬೦ ಸಾಮಾನ್ಯ ಸೈನಿಕರೂ ಉಳ್ಳ ವಿಮಾನ ವಿಭಾಗವನ್ನು ಅದು ಏರ್ಪಡಿಸಿತು. ಕಲಿಯುವವನಿಗೆ ನೂರಕ್ಕೆ ೨೫, ಕಲಿತು ಕಿರಿಯ ಚಾಲಕನೆಂದು ಅರ್ಹತೆ ಪಡೆದವನಿಗೆ ೫೦, ಪೂರ್ಣ ಚಾಲಕನಿಗೆ ೭೫ರಷ್ಟು ಹೆಚ್ಚಳವೆಂದು ಮೂರು ಮೆಟ್ಟಿಲುಗಳನ್ನು ಮಾಡಿತು. ಕಲಿಯಲು ಬರುವ ಅಧಿಕಾರಿಯು ಮೂವತ್ತು ವರ್ಷಕ್ಕೆ ಒಳಗಿನವನೂ ಅವಿವಾಹಿತನೂ ಆಗಿರಬೇಕೆಂಬ ನಿಯಮವು, ಕಾಯಿದೆ ಮಾಡಿದವರ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ. ಹಾರಾಟದಲ್ಲಿ ಸತ್ತವನ ವಿಧವೆಗೆ ಒಂದು ವರ್ಷದ ಸಂಬಳವನ್ನು ಕೊಡಬೇಕೆಂದೂ ಅದರಲ್ಲಿ ಸೇರಿಸಿದರು. ಹಾರುವ ಕೆಲಸದಲ್ಲಿ ಪಾಲ್ಗೊಳ್ಳುವ ಸಾಮಾನ್ಯ ಸೈನಿಕನಿಗೂ ನೂರಕ್ಕೆ ೫೦ರಷ್ಟು ಹೆಚ್ಚಳ ಸಲ್ಲಬೇಕೆಂದು ವಿಧಿಸಿದರು. ಈ ಕಾಯಿದೆಯಲ್ಲಿ ಜೋಳದ ಲೆಕ್ಕವೂ ನೆತ್ತರಿನ ಲೆಕ್ಕವೂ ಕೂಡಿಯೇ ಇದ್ದವು. ಪ್ರಾಣಕ್ಕೆ ಅಪಾಯ ಹೆಚ್ಚು. ಆದುದರಿಂದ ಕೂಲಿಯೂ ಹೆಚ್ಚು. ಇದೇ ಅದರ ತಾತ್ಪರ್ಯ.

ಅಪಾಯಕ್ಕೆ ಬೆಲೆಯೆಂದು ಗೊತ್ತಾದಮೇಲೆ, ಅಪಾಯಕ್ಕೆ ಒಳಗಾಗದವನು ಆ ಬೆಲೆಯನ್ನು ತೆಗೆದುಕೊಳ್ಳಬಹುದೇ ಎಂಬ ಪ್ರಶ್ನೆ ಬಹಳ ದಿನ ಕಾಯಲಿಲ್ಲ. ೧೯೧೫ರಲ್ಲಿ ಸ್ಯಾನ್ ಡಿಯೇಗೊ ಶಿಕ್ಷಣಾಲಯದ ಚಾಲಕರು ತಮ್ಮ ಮೇಲಧಿಕಾರಿಯಾದ ಕ್ಯಾಪ್ಟನ್ ಆರ್ಥರ್ ಕೋವನ್ ಎಂಬುವನ ಮೇಲೆ ದೂರು ಹೇಳಿದರು. ವಿಮಾನ ನಡೆಸುವ ಅರ್ಹತೆಯಿಲ್ಲದೆಯೇ ಹಾರಾಟದ ಹೆಚ್ಚಳವನ್ನು ಪಡೆಯಲಾಗುತ್ತಿದೆಯೆಂಬುದು ಆ ದೂರಿನ ಸಾರ. ಈ ಆಪಾದನೆಗಳನ್ನು ಬರೆದುಕೊಳ್ಳಲು ಅವರಿಗೆ ನೆರವಾದವನು ಸೈನ್ಯದ ನ್ಯಾಯಾಧಿಕಾರಿಯಾಗಿದ್ದ ಲೆಫ್ಟೆನೆಂಟ್ ಕರ್ನಲ್ ಲೂಯಿಸ್ ಗುಡಿಯರ್. ಅವನ ಮಗನೂ ವಿಮಾನ ಚಾಲಕನೇ. ಆದರೆ ವಿಚಾರಣೆಗೆ ಮೊದಲು ಗುರಿಯಾದವನು ಗುಡಿಯರನೇ. ಸೈನ್ಯದ ಶಿಸ್ತಿಗೆ ಭಂಗ ತಂದನೆಂದು ಅವನನ್ನು ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿ, ತಪ್ಪಿತಸ್ಥನೆಂದು ಹೇಳಿ, ಛೀಮಾರಿಯ ಶಿಕ್ಷೆಯನ್ನು ವಿಧಿಸಿದರು. ಆದರೆ ಆ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳನ್ನು ಮುಚ್ಚಿಡಲು ಆಗಲಿಲ್ಲ. ೧೯೧೬ರಲ್ಲಿ ಸೆನೆಟ್ ಸಭೆಯಲ್ಲಿ ಈ ಮಾತು ಎದ್ದು, ವಿಮಾನ ವಿಭಾಗದ ಆಡಳಿತವನ್ನು ಶೋಧಿಸಲು ಮಂಡಲಿಯೊಂದು ನೇಮಕವಾಗಿ, ವಿಭಾಗದ ಮುಖ್ಯಸ್ಥನೂ ಶಿಕ್ಷಣಾಲಯದ ಮುಖ್ಯಸ್ಥನೂ ತಮ್ಮ ಸ್ಥಾನಗಳನ್ನು ಬಿಡಬೇಕಾಯಿತು. ಹಣದ ಮೊತ್ತವು ದೊಡ್ಡದಲ್ಲ. ಆದರೂ ಸ್ನೇಹಿತರ ಹೆಣಗಳನ್ನು ಹೊತ್ತ ತರುಣರಿಗೆ, ಆ ಹೆಚ್ಚಳವು ಹಣ ಮಾತ್ರವಾಗಿರಲಿಲ್ಲವೆಂಬುದನ್ನು ನಾವು ಊಹಿಸಬಹುದು.

ಮೊದಲನೆಯ ಮಹಾಯುದ್ಧವು ಮುಗಿದಮೇಲೆ, ೧೯೨೦ರ ಕಾಯಿದೆಯು ಮೆಟ್ಟಿಲುಗಳನ್ನು ತೆಗೆದುಹಾಕಿ, ಕ್ರಮವಾಗಿ ಹಾರಾಟದಲ್ಲಿ ತೊಡಗಿದವರಿಗೆಲ್ಲ ಮೂಲವೇತನದ ಅರ್ಧದಷ್ಟು ಹೆಚ್ಚಳವೆಂದು ಗೊತ್ತುಮಾಡಿತು. ನೋಡುವುದಕ್ಕೆ ಇದು ಸಮವಾದ ಏರ್ಪಾಡು, ಎಲ್ಲರಿಗೂ ಅರ್ಧ. ಆದರೆ ಅರ್ಧವೆಂಬುದು ಯಾವುದರ ಅರ್ಧ ಎಂದು ಕೇಳಿದೊಡನೆ ಆ ಸಮತೆಯು ಕರಗಿಹೋಗುತ್ತದೆ. ಕರ್ನಲನ ಅರ್ಧ ದೊಡ್ಡದು, ಸಾರ್ಜೆಂಟನ ಅರ್ಧ ಚಿಕ್ಕದು. ಇಬ್ಬರೂ ಒಂದೇ ವಿಮಾನದಲ್ಲಿ ಕುಳಿತು ಒಂದೇ ಬೆಟ್ಟಕ್ಕೆ ಬಡಿದರೆ ಸಾವು ಇಬ್ಬರಿಗೂ ಒಂದೇ.

ಎರಡನೆಯ ಮಹಾಯುದ್ಧದಲ್ಲಿ ಈ ಪ್ರಶ್ನೆಯು ಸಾವಿರಾರು ವಿಮಾನಗಳಲ್ಲಿ ದಿನವೂ ಕಣ್ಣಮುಂದಿದ್ದಿತು. ಜರ್ಮನಿಯ ಮೇಲೆ ಬಾಂಬು ಹಾಕಲು ಇಂಗ್ಲೆಂಡಿನಿಂದ ಹೊರಡುತ್ತಿದ್ದ ಬಿ-೧೭ ಎಂಬ ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ ಹತ್ತು ಮಂದಿ ಇರುತ್ತಿದ್ದರು. ಚಾಲಕ, ಸಹಚಾಲಕ, ದಾರಿ ಗುರುತಿಸುವವನು, ಬಾಂಬು ಬಿಡುವವನು, ಈ ನಾಲ್ವರು ಅಧಿಕಾರಿಗಳು. ಬಂದೂಕು ಹಿಡಿದವರೂ ಯಂತ್ರ ಮತ್ತು ರೇಡಿಯೋ ನೋಡಿಕೊಳ್ಳುವವರೂ ಆದ ಉಳಿದ ಆರು ಮಂದಿ ಸಾರ್ಜೆಂಟರು. ೧೯೪೨ರ ಜೂನ್ ತಿಂಗಳ ವೇತನದ ಕಾಯಿದೆಯಂತೆ ಸೆಕೆಂಡ್ ಲೆಫ್ಟೆನೆಂಟನ ಮೂಲವೇತನ ತಿಂಗಳಿಗೆ ೧೫೦ ಡಾಲರು, ಸ್ಟಾಫ್ ಸಾರ್ಜೆಂಟನದು ೯೬, ಸಾರ್ಜೆಂಟನದು ೭೮. ಆದುದರಿಂದ ಹಾರಾಟದ ಹೆಚ್ಚಳವು ಕ್ರಮವಾಗಿ ೭೫, ೪೮ ಮತ್ತು ೩೯ ಡಾಲರುಗಳಾಯಿತು. ಒಂದೇ ತಗಡಿನ ಗೋಡೆ, ಒಂದೇ ಚಳಿ, ಒಂದೇ ಫಿರಂಗಿಯ ಗುಂಡು. ಬಾಲದ ತುದಿಯಲ್ಲಿ ಮೊಣಕಾಲೂರಿ ಕುಳಿತ ಬಂದೂಕಿನವನ ಅಪಾಯವು ಚಾಲಕನ ಅಪಾಯದ ಅರ್ಧವೆಂದು ಯಾರೂ ಹೇಳಲಾರರು. ಚಾಲಕನ ವಿದ್ಯೆ ಹೆಚ್ಚು, ಹೊಣೆ ಹೆಚ್ಚು, ನಿಜ. ಆದರೆ ವಿದ್ಯೆಗೂ ಹೊಣೆಗೂ ಮೂಲವೇತನದಲ್ಲಿಯೇ ಬೆಲೆ ಸಂದಿದ್ದಿತು. ಅಪಾಯಕ್ಕೆಂದು ಕೊಟ್ಟ ಹಣವು ಅಪಾಯವನ್ನು ಅಳೆಯದೆ ಪದವಿಯನ್ನು ಅಳೆಯಿತು. ಅದೇ ಕಾಯಿದೆಯಲ್ಲಿ ಹೊರದೇಶದ ಸೇವೆಗೆಂದು ಅಧಿಕಾರಿಗಳಿಗೆ ನೂರಕ್ಕೆ ೧೦, ಸಾಮಾನ್ಯ ಸೈನಿಕರಿಗೆ ನೂರಕ್ಕೆ ೨೦ ಎಂದು ಕಡಮೆ ಸಂಬಳದವನ ಕಡೆಗೆ ತಕ್ಕಡಿಯನ್ನು ಬಾಗಿಸಿದ್ದರು. ಮನಸ್ಸು ಮಾಡಿದರೆ ಹಾರಾಟದ ವಿಷಯದಲ್ಲಿಯೂ ಹಾಗೆ ಮಾಡಬಹುದಾಗಿದ್ದಿತೆಂಬುದಕ್ಕೆ ಇದೇ ಸಾಕ್ಷಿ.

ಚಾಲಕರಲ್ಲಿಯೇ ಮತ್ತೊಂದು ಭೇದವಿದ್ದಿತು. ೧೯೪೧ರ ಜೂನ್ ೩ರ ಕಾಯಿದೆಯಂತೆ ಕಾಲೇಜಿನ ಓದಿಲ್ಲದ ಸಾಮಾನ್ಯ ಸೈನಿಕರೂ ವಿಮಾನ ನಡೆಸುವುದನ್ನು ಕಲಿತು ಸಾರ್ಜೆಂಟ್ ಚಾಲಕರಾದರು. ಕೆಲಸವು ಅಧಿಕಾರಿಯದು, ಪದವಿಯೂ ಸಂಬಳವೂ ಸಾರ್ಜೆಂಟನವು. ಈ ಅಸಂಗತವು ಬಹುಕಾಲ ನಿಲ್ಲಲಾರದೆ, ೧೯೪೨ರ ಜುಲೈ ತಿಂಗಳಲ್ಲಿ ಫ್ಲೈಟ್ ಆಫೀಸರ್ ಎಂಬ ಹೊಸ ಪದವಿಯನ್ನು ಕಾಯಿದೆಯಿಂದ ನಿರ್ಮಿಸಿದರು. ಮುಂದೆ ೧೯೪೭ರಲ್ಲಿ ಶಬ್ದದ ವೇಗವನ್ನು ಮೀರಿ ವಿಮಾನ ನಡೆಸಿ ಪ್ರಸಿದ್ಧನಾದ ಚಕ್ ಯೇಗರ್ ಎಂಬುವನೂ ಸಾಮಾನ್ಯ ಸೈನಿಕನಾಗಿ ಸೇರಿ ಈ ಮಾರ್ಗದಿಂದಲೇ ಮೇಲಕ್ಕೆ ಬಂದವನು.

ಸ್ತ್ರೀಯರ ಕಥೆಯು ಇದಕ್ಕಿಂತಲೂ ಕಠಿನವಾದುದು. ಯುದ್ಧಕಾಲದಲ್ಲಿ ಜಾಕ್ವೆಲಿನ್ ಕಾಕ್ರನ್ ಎಂಬಾಕೆಯ ನೇತೃತ್ವದಲ್ಲಿ ನಡೆದ ಸ್ತ್ರೀ ಚಾಲಕರ ದಳದಲ್ಲಿ ೧,೦೭೪ ಮಂದಿ ಶಿಕ್ಷಣವನ್ನು ಪೂರೈಸಿದರು. ಕಾರ್ಖಾನೆಗಳಿಂದ ಹೊಸ ವಿಮಾನಗಳನ್ನು ಸಾಗಿಸುವುದು, ದುರಸ್ತಾದ ವಿಮಾನಗಳನ್ನು ಪರೀಕ್ಷಿಸುವುದು, ನೆಲದ ಗೋಲಂದಾಜರು ಗುರಿ ಕಲಿಯಲೆಂದು ಗುರಿಯ ಬಟ್ಟೆಯನ್ನು ವಿಮಾನದ ಹಿಂದೆ ಎಳೆದುಕೊಂಡು ಹಾರುವುದು, ಇವು ಅವರ ಕೆಲಸಗಳು. ಅವರಲ್ಲಿ ೩೮ ಮಂದಿ ಪ್ರಾಣ ಬಿಟ್ಟರು. ಅವರ ಸಂಬಳ ತಿಂಗಳಿಗೆ ೨೫೦ ಡಾಲರು. ಮೂಲವೇತನವೂ ಹಾರಾಟದ ಹೆಚ್ಚಳವೂ ಕೂಡಿ ೨೨೫ ಡಾಲರು ಪಡೆಯುತ್ತಿದ್ದ ಸೆಕೆಂಡ್ ಲೆಫ್ಟೆನೆಂಟನಿಗಿಂತ ಇದು ಹೆಚ್ಚೆಂದು ಅವಸರದಲ್ಲಿ ಎಣಿಸುವವರಿಗೆ ತೋರಬಹುದು. ಆದರೆ ಲೆಫ್ಟೆನೆಂಟನಿಗೆ ವಸತಿಗೂ ಊಟಕ್ಕೂ ಬೇರೆ ಭತ್ಯವುಂಟು. ಈ ಸ್ತ್ರೀಯರು ತಮ್ಮ ಊಟ ವಸತಿಗಳಿಗೆ ತಾವೇ ತೆರಬೇಕಾಗಿದ್ದಿತು. ಕಾಯಿದೆಯ ಕಣ್ಣಿಗೆ ಅವರು ಸೈನಿಕರಲ್ಲ, ಸಿವಿಲ್ ನೌಕರರು. ಆದುದರಿಂದ ಸೈನಿಕರ ವಿಮೆಯಿಲ್ಲ, ಸತ್ತರೆ ಸೈನಿಕ ಮರ್ಯಾದೆಯಿಲ್ಲ. ದೇಹವನ್ನು ಊರಿಗೆ ಕಳುಹಿಸಲು ಗೆಳತಿಯರು ಚಂದಾ ಎತ್ತಿದ ಸಂದರ್ಭಗಳೂ ಉಂಟು. ಅವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವ ಮಸೂದೆಯು ೧೯೪೪ರ ಜೂನ್‌ನಲ್ಲಿ ಬಿದ್ದುಹೋಗಿ, ಡಿಸೆಂಬರ್ ೨೦ರಂದು ದಳವನ್ನೇ ಮುಚ್ಚಿದರು. ಮಾಜಿ ಸೈನಿಕರೆಂಬ ಹಕ್ಕು ಅವರಿಗೆ ದೊರೆತುದು ೧೯೭೭ರಲ್ಲಿ. ವೇತನದ ನ್ಯಾಯವನ್ನು ತಿಂಗಳ ಮೊತ್ತದಿಂದ ಮಾತ್ರ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಅವರಿಗೆ ಜೋಳದ ಲೆಕ್ಕ ಸಂದಿತು. ನೆತ್ತರಿನ ಲೆಕ್ಕ ಮೂವತ್ತಮೂರು ವರ್ಷ ಬಾಕಿ ನಿಂತಿತು.

ಯುದ್ಧಾನಂತರ, ಚಾರ್ಲ್ಸ್ ಹುಕ್ ಎಂಬ ಉದ್ಯಮಪತಿಯ ಅಧ್ಯಕ್ಷತೆಯಲ್ಲಿ ಕುಳಿತ ಸಮಿತಿಯು ಸೈನ್ಯದ ವೇತನವನ್ನೆಲ್ಲ ಬುಡದಿಂದ ಪರಿಶೀಲಿಸಿ ೧೯೪೮ರಲ್ಲಿ ವರದಿಯನ್ನು ಕೊಟ್ಟಿತು. ನಮ್ಮ ವಿಷಯದಲ್ಲಿ ಈ ವರದಿಯು ಒಂದು ಮುಖ್ಯವಾದ ತಿರುವು. ಅಪಾಯದ ಕೆಲಸಕ್ಕೆ ಕೊಡುವ ಹೆಚ್ಚಳವು ಆಯುಷ್ಯದ ನಷ್ಟಕ್ಕೆ ಪರಿಹಾರವೆಂಬ ಹಳೆಯ ವಾದವನ್ನು ಸಮಿತಿಯು ಬದಿಗಿಟ್ಟು, ಅಂತಹ ಕೆಲಸಕ್ಕೆ ಜನರು ಬರುವಂತೆಯೂ ಬಂದವರು ಉಳಿಯುವಂತೆಯೂ ಮಾಡುವ ಪ್ರೇರಣೆಯೇ ಅದರ ಸರಿಯಾದ ಆಧಾರವೆಂದು ಹೇಳಿತು. ಇದನ್ನು ಅನುಸರಿಸಿ ೧೯೪೯ರ ಅಕ್ಟೋಬರ್ ೧೨ರಂದು ಬಂದ ಕಾಯಿದೆಯು ಅರ್ಧದ ಲೆಕ್ಕವನ್ನು ಕೈಬಿಟ್ಟು, ಒಂದೊಂದು ಪದವಿಗೆ ಒಂದೊಂದು ನಿಶ್ಚಿತವಾದ ಮೊತ್ತವನ್ನು ಗೊತ್ತುಮಾಡಿತು. ಸೆಕೆಂಡ್ ಲೆಫ್ಟೆನೆಂಟನಿಗೆ ತಿಂಗಳಿಗೆ ೧೦೦ ಡಾಲರು, ಕರ್ನಲನಿಗೆ ೨೧೦. ಅವನಿಗಿಂತ ದೊಡ್ಡವನಾದ ಜನರಲನಿಗೆ ಮಾತ್ರ ಕರ್ನಲನಿಗಿಂತ ಕಡಮೆ. ಅಪಾಯದ ಬೆಲೆಯೆಂದು ತಿಳಿದರೆ ಇದು ಅರ್ಥವಾಗದ ಕೋಷ್ಟಕ. ಪ್ರೇರಣೆಯೆಂದು ತಿಳಿದರೆ ಸರಿಯಾಗಿ ಅರ್ಥವಾಗುತ್ತದೆ: ಜನರಲನು ಇನ್ನು ಎಲ್ಲಿಗೂ ಹೋಗುವವನಲ್ಲ.

ಆದರೂ ಹೆಸರು ಅಪಾಯದ ವೇತನವೆಂದೇ ಉಳಿಯಿತು. ಹೆಸರು ಒಂದು, ಉದ್ದೇಶ ಇನ್ನೊಂದು. ಈ ಗೊಂದಲದಲ್ಲಿ ಹಳೆಯ ಸ್ಯಾನ್ ಡಿಯೇಗೊ ಜಗಳವೇ ಮತ್ತೆ ತಲೆಯೆತ್ತಿತು. ಹಾರುವುದನ್ನು ಬಿಟ್ಟು ಕಚೇರಿಯ ಮೇಜಿಗೆ ಬಂದು ಎಷ್ಟೋ ವರ್ಷವಾದ ಹಿರಿಯ ಅಧಿಕಾರಿಗಳು, ತಿಂಗಳಿಗೆ ಕೆಲವು ಗಂಟೆ ಹಾರಿದಂತೆ ಮಾಡಿ ಭತ್ಯವನ್ನು ಉಳಿಸಿಕೊಳ್ಳುವರೆಂಬ ಟೀಕೆ ಬೆಳೆಯಿತು. ವಿಯೆಟ್ನಾಮ್ ಯುದ್ಧದ ಕೊನೆಯ ದಿನಗಳಲ್ಲಿ ಕಾಂಗ್ರೆಸ್ ಸಭೆಯು ಬೇಸತ್ತು, ಹಾರಾಟವಿಲ್ಲದ ಸ್ಥಾನಗಳಲ್ಲಿರುವ ಕರ್ನಲ್ ಮತ್ತು ಮೇಲಿನವರಿಗೆ ೧೯೭೩ರ ಮೇ ೩೧ರಿಂದ ಈ ಭತ್ಯವನ್ನು ನಿಲ್ಲಿಸಿತು.

ಮರುವರ್ಷದ ಕಾಯಿದೆಯು ಇಡೀ ಏರ್ಪಾಡನ್ನೇ ಬದಲಾಯಿಸಿತು. ಪದವಿಯನ್ನು ನೋಡುವುದಕ್ಕೆ ಬದಲಾಗಿ ವಿಮಾನ ಸೇವೆಯ ವರ್ಷಗಳನ್ನು ನೋಡಬೇಕೆಂದು ಅದು ಹೇಳಿತು. ಮೊದಲಲ್ಲಿ ತಿಂಗಳಿಗೆ ೧೦೦ ಡಾಲರು. ಆರು ವರ್ಷ ಕಳೆದವನಿಗೆ ೨೪೫ ಡಾಲರು. ಹದಿನೆಂಟು ವರ್ಷವಾದಮೇಲೆ ಕ್ರಮವಾಗಿ ಇಳಿತ. ಮೊದಲ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ಆರು ವರ್ಷ ಹಾರಾಟದ ಸ್ಥಾನದಲ್ಲಿ ಇದ್ದವನಿಗೆ, ಆಮೇಲೆ ಮೇಜಿನ ಕೆಲಸಕ್ಕೆ ಹೋದರೂ ಭತ್ಯವು ತಪ್ಪದು. ಆರು ವರ್ಷದ ಗಡಿಯಲ್ಲಿ ಮೊತ್ತವು ಏಕಾಏಕಿ ಏರಿದುದಕ್ಕೆ ಅಪಾಯವು ಅಂದು ಏರುತ್ತದೆಂಬುದು ಕಾರಣವಲ್ಲ. ಕಡ್ಡಾಯದ ಸೇವೆ ಮುಗಿದು ಚಾಲಕನು ಹೊರಗೆ ಕಣ್ಣು ಹಾಯಿಸುವ ಕಾಲ ಅದು. ಹುಕ್ ಸಮಿತಿಯು ಬಿತ್ತಿದ ಬೀಜವು ಇಲ್ಲಿ ಗಿಡವಾಯಿತು.

ಹೊರಗೆ ಕಾಣುತ್ತಿದ್ದುದು ಏನೆಂದರೆ ಪ್ರಯಾಣಿಕರ ವಿಮಾನ ಕಂಪೆನಿಗಳು. ೧೯೭೮ರಲ್ಲಿ ಆ ಕಂಪೆನಿಗಳ ಮೇಲಿನ ಸರ್ಕಾರದ ಕಟ್ಟುಪಾಡುಗಳು ಸಡಿಲವಾದಮೇಲೆ ವ್ಯಾಪಾರವು ಬೆಳೆಯಿತು. ಕಂಪೆನಿಗಳ ಚಾಲಕರು ಅರುವತ್ತನೆಯ ವರ್ಷಕ್ಕೆ ನಿವೃತ್ತರಾಗಲೇಬೇಕೆಂಬ ನಿಯಮವೂ ಇದ್ದುದರಿಂದ, ಅವರ ಸ್ಥಾನಗಳು ಮೇಲಿಂದ ಮೇಲೆ ತೆರವಾಗುತ್ತಿದ್ದವು. ಸೈನ್ಯದಲ್ಲಿ ಕಲಿತ ಚಾಲಕನು ಕಂಪೆನಿಗೆ ಖರ್ಚಿಲ್ಲದೆ ಸಿಕ್ಕುವ ಸಿದ್ಧವಸ್ತು. ಈ ಸ್ಪರ್ಧೆಗೆ ಉತ್ತರವಾಗಿ ಮೊದಲು ೧೯೮೦ರಲ್ಲಿಯೂ, ಬಳಿಕ ದೊಡ್ಡ ಪ್ರಮಾಣದಲ್ಲಿ ೧೯೮೯ರಲ್ಲಿಯೂ, ಮುಂದುವರಿಕೆಯ ಬೋನಸ್ಸು ಬಂದಿತು. ಹದಿನಾಲ್ಕು ವರ್ಷದ ಸೇವೆ ಪೂರೈಸುವವರೆಗೆ ಉಳಿಯುವೆನೆಂದು ಬರೆದುಕೊಟ್ಟ ಚಾಲಕನಿಗೆ ವರ್ಷಕ್ಕೆ ೧೨,೦೦೦ ಡಾಲರಿನವರೆಗೆ ಕೊಡಬಹುದೆಂದು ಕಾಯಿದೆಯಾಯಿತು. ಹಾರಾಟದ ತಿಂಗಳ ಭತ್ಯವು ಇದರಿಂದ ಬೇರೆಯಾಗಿಯೇ ನಡೆಯುತ್ತಿದ್ದಿತು. ಮೂರನೆಯ ಲೆಕ್ಕವು ಹೀಗೆ ತನ್ನ ಹೆಸರಿನಿಂದಲೇ ಕಾಯಿದೆಯ ಪುಸ್ತಕವನ್ನು ಸೇರಿತು.

ಅಲ್ಲಿಂದ ಮುಂದೆ ಈ ಮೊತ್ತವು ಏರುತ್ತಲೇ ಹೋಯಿತು. ೧೯೯೮ನೆಯ ಆರ್ಥಿಕ ವರ್ಷದ ಕಾಯಿದೆಯಲ್ಲಿ ಗರಿಷ್ಠ ಮಿತಿ ೨೫,೦೦೦ ಡಾಲರು, ೨೦೧೭ರದರಲ್ಲಿ ೩೫,೦೦೦, ೨೦೨೩ರದರಲ್ಲಿ ೫೦,೦೦೦. ನಡುವೆ ೨೦೦೭ರಲ್ಲಿ ಕಂಪೆನಿಯ ಚಾಲಕರ ನಿವೃತ್ತಿಯ ವಯಸ್ಸನ್ನು ಅರುವತ್ತೈದಕ್ಕೆ ಏರಿಸಿದುದರಿಂದ ಕೆಲವು ಕಾಲ ಸೈನ್ಯಕ್ಕೆ ಉಸಿರಾಡಲು ಬಿಡುವು ದೊರೆಯಿತು. ಆದರೆ ೨೦೦೯ರಲ್ಲಿ ಬಫೆಲೋ ನಗರದ ಬಳಿ ಆದ ಅಪಘಾತದ ತರುವಾಯ, ಕಂಪೆನಿಯ ಸಹಚಾಲಕನಿಗೂ ಸಾಮಾನ್ಯವಾಗಿ ೧,೫೦೦ ಗಂಟೆಗಳ ಹಾರಾಟದ ಅನುಭವ ಬೇಕೆಂದು ೨೦೧೩ರಲ್ಲಿ ನಿಯಮವಾಯಿತು; ಸೈನ್ಯದಲ್ಲಿ ತರಬೇತಾದವನಿಗೆ ೭೫೦ ಗಂಟೆ ಸಾಕೆಂದು ವಿನಾಯಿತಿಯನ್ನೂ ಇಟ್ಟರು. ಪ್ರಯಾಣಿಕರ ಕ್ಷೇಮಕ್ಕಾಗಿ ಮಾಡಿದ ನಿಯಮವು ಸೈನ್ಯದ ಚಾಲಕನ ಬೆಲೆಯನ್ನು ಪೇಟೆಯಲ್ಲಿ ಹೆಚ್ಚಿಸಿತು. ೨೦೧೭ರಲ್ಲಿ ವಾಯುಸೈನ್ಯಕ್ಕೆ ಸುಮಾರು ೨,೦೦೦ ಚಾಲಕರ ಕೊರತೆಯಿದೆಯೆಂದು ಅದರ ಅಧಿಕಾರಿಗಳೇ ಹೇಳಿದರು.

ಬೋನಸ್ಸಿನ ಪರವಾದ ವಾದವು ಬಲವಾದುದು. ಅದನ್ನು ಹಗುರವಾಗಿ ಎಣಿಸಬಾರದು. ರ‍್ಯಾಂಡ್ ಎಂಬ ಸಂಶೋಧನ ಸಂಸ್ಥೆಯು ೨೦೧೯ರಲ್ಲಿ ಲೆಕ್ಕಹಾಕಿದಂತೆ, ಎಫ್-೧೬ ಎಂಬ ಯುದ್ಧವಿಮಾನದ ಚಾಲಕನೊಬ್ಬನಿಗೆ ಮೂಲ ತರಬೇತಿಯನ್ನು ಕೊಟ್ಟು ಸಿದ್ಧಪಡಿಸಲು ತಗಲುವ ವೆಚ್ಚ ೫೬ ಲಕ್ಷ ಡಾಲರು. ಎಫ್-೨೨ರ ಚಾಲಕನಿಗೆ ಒಂದು ಕೋಟಿ ಒಂಬತ್ತು ಲಕ್ಷ ಡಾಲರು. ೨೦೧೭ರ ದರದಂತೆ ಹದಿಮೂರು ವರ್ಷ ಉಳಿಯಲು ಒಪ್ಪಿದವನಿಗೆ ವರ್ಷಕ್ಕೆ ೩೫,೦೦೦ದಂತೆ ಕೊಟ್ಟರೂ ಒಟ್ಟು ೪,೫೫,೦೦೦ ಡಾಲರು. ಅಂದರೆ ಎಫ್-೧೬ರ ಹೊಸ ಚಾಲಕನನ್ನು ತಯಾರಿಸುವ ವೆಚ್ಚದ ಹನ್ನೆರಡರಲ್ಲಿ ಒಂದು ಪಾಲು. ಹೊಸಬನು ಅನುಭವಿಯಾಗಲು ಬೇಕಾದ ವರ್ಷಗಳನ್ನು ಹಣದಿಂದ ಕೊಳ್ಳಲಾಗುವುದಿಲ್ಲ. ಬೊಕ್ಕಸದ ದೃಷ್ಟಿಯಿಂದ ನೋಡಿದರೆ ಇದು ಮಿತವ್ಯಯವೇ ಹೊರತು ದುಂದುಗಾರಿಕೆಯಲ್ಲ.

ಆದರೆ ಸೈನ್ಯವು ಬೊಕ್ಕಸವೊಂದೇ ಅಲ್ಲ. ಒಬ್ಬರಿಗಾಗಿ ಒಬ್ಬರು ಪ್ರಾಣ ಕೊಡಬೇಕಾದವರ ಕೂಟವೂ ಅಹುದು. ಅಲ್ಲಿ ಈ ಹಣವು ಎಬ್ಬಿಸುವ ಪ್ರಶ್ನೆಗಳು ಬೇರೆ. ಹೊರಡುವ ಯೋಚನೆಯೇ ಇಲ್ಲದೆ, ಬೋನಸ್ಸು ಇಲ್ಲದಿದ್ದರೂ ಉಳಿಯುತ್ತಿದ್ದವನಿಗೂ ಅದೇ ಮೊತ್ತ ಸಲ್ಲುತ್ತದೆ. ಯಾವ ಬಗೆಯ ವಿಮಾನ ನಡೆಸುವನೆಂಬುದರ ಮೇಲೆ ದರವೂ 
ಅವಧಿಯೂ ಬದಲಾಗುತ್ತವೆ. ಕೊರತೆ ಕಡಮೆಯಿದ್ದ ವರ್ಷದಲ್ಲಿ ಸಹಿ ಹಾಕಿದವನು ಸ್ವಲ್ಪ ಪಡೆದು, ಅವನಿಂದಲೇ ವಿದ್ಯೆ ಕಲಿತ ಕಿರಿಯನು ಕೊರತೆಯ ವರ್ಷದಲ್ಲಿ ಹೆಚ್ಚು ಪಡೆಯಬಹುದು. ರಾತ್ರಿಯೆಲ್ಲ ನಿದ್ದೆಗೆಟ್ಟು ವಿಮಾನವನ್ನು ಸಿದ್ಧಗೊಳಿಸುವ ಯಂತ್ರಜ್ಞನಿಗೆ, ಹೊರಗಿನ ಪೇಟೆಯಲ್ಲಿ ಅಷ್ಟು ಬೆಲೆಯಿಲ್ಲವೆಂಬ ಒಂದೇ ಕಾರಣದಿಂದ, ಅಷ್ಟು ಬೋನಸ್ಸು ಇಲ್ಲ. ೨೦೧೭ರಲ್ಲಿ ವಾಯುಸೈನ್ಯವು ಹಾರಾಟದ ತಿಂಗಳ ಭತ್ಯದ ಮೇಲ್ಮಿತಿಯನ್ನು ಅಧಿಕಾರಿಗಳಿಗೆ ೮೪೦ರಿಂದ ೧,೦೦೦ ಡಾಲರಿಗೂ ಸಾಮಾನ್ಯ ಸೈನಿಕರಿಗೆ ೪೦೦ರಿಂದ ೬೦೦ಕ್ಕೂ ಏರಿಸಿತು. ಬಿ-೧೭ರ ಬಾಲದಲ್ಲಿದ್ದ ಸಾರ್ಜೆಂಟನಿಗೂ ಚಾಲಕನಿಗೂ ನಡುವೆ ಇದ್ದ ಅಂತರವು ಈ ಅಂಕಿಗಳಲ್ಲಿ ಕಿರಿದಾಗಿದೆ, ಆದರೆ ಅಳಿದಿಲ್ಲ.

ಅಪಾಯದ ಲೆಕ್ಕವೂ ಉಳಿವಿನ ಲೆಕ್ಕವೂ ಎಷ್ಟು ದೂರ ಸರಿದಿವೆಯೆಂಬುದನ್ನು ತೋರಿಸುವ ಒಂದು ಉದಾಹರಣೆಯನ್ನು ಕೊಟ್ಟು ಈ ಭಾಗವನ್ನು ಮುಗಿಸಬಹುದು. ಮನುಷ್ಯರಿಲ್ಲದ ವಿಮಾನಗಳನ್ನು ಈಗ ಸಾವಿರಾರು ಮೈಲಿ ದೂರದಿಂದ ನಡೆಸುತ್ತಾರೆ. ಅವುಗಳ ಚಾಲಕನು ನೆವಾಡ ಪ್ರಾಂತದ ಒಂದು ಕೋಣೆಯಲ್ಲಿ ಕುಳಿತು ಕೆಲಸ ಮಾಡಿ ಸಂಜೆಗೆ ಮನೆಗೆ ಹೋಗಬಹುದು. ಬಿದ್ದು ಸಾಯುವ ಭಯ ಅವನಿಗಿಲ್ಲ. ಆದರೂ ೨೦೧೬ರಲ್ಲಿ ಇಂತಹ ಚಾಲಕರಿಗೆ ವರ್ಷಕ್ಕೆ ೩೫,೦೦೦ ಡಾಲರಿನ ಬೋನಸ್ಸನ್ನು ವಾಯುಸೈನ್ಯವು ಪ್ರಕಟಿಸಿತು. ೧೯೧೪ರ ಕಾಯಿದೆಯನ್ನು ಬರೆದವರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಆ ಕೋಣೆಯ ದುಡಿಮೆಯು ಸುಲಭವೆಂದಲ್ಲ: ಎಡೆಬಿಡದ ಸರದಿಗಳು, ತಾನು ಕೊಂದುದನ್ನು ಪರದೆಯ ಮೇಲೆ ಗಂಟೆಗಟ್ಟಲೆ ನೋಡಬೇಕಾದ ಸಂಕಟ, ಇವುಗಳಿಂದ ಬೇಸತ್ತು ಅನೇಕರು ಹೊರಡುತ್ತಿದ್ದರು. ಆದುದರಿಂದಲೇ ಹಣ ಬಂದಿತು. ಸಂಕಟಕ್ಕೆ ಪರಿಹಾರವೆಂದು ಅದು ಬರಲಿಲ್ಲ, ಹೊರಡುವುದಕ್ಕೆ ತಡೆಯೆಂದು ಬಂದಿತು.

ಹಾಗಾದರೆ ನ್ಯಾಯವೆಂಬುದು ಎಲ್ಲಿ? ಈ ಚರಿತ್ರೆಯಿಂದ ನಮಗೆ ತೋರುವುದನ್ನು ಹೇಳಿ ಮುಗಿಸುತ್ತೇವೆ. ಮೂರು ಋಣಗಳನ್ನೂ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಅಳತೆಯಲ್ಲಿ ತೀರಿಸುವುದೇ ಲೇಸು. ದುಡಿಮೆಯ ವೇತನವು ವಿದ್ಯೆಯನ್ನೂ ಹೊಣೆಯನ್ನೂ ನೋಡಲಿ; ಅಲ್ಲಿ ಕರ್ನಲನಿಗೆ ಹೆಚ್ಚು, ಸಾರ್ಜೆಂಟನಿಗೆ ಕಡಮೆಯಾದರೆ ಯಾರೂ ಆಕ್ಷೇಪಿಸರು. ಅಪಾಯದ ವೇತನವು ಅಪಾಯವನ್ನು ಮಾತ್ರ ನೋಡಲಿ. ಒಂದೇ ವಿಮಾನದಲ್ಲಿ ಕುಳಿತವರಿಗೆ, ಗಂಡಸಾಗಲಿ ಹೆಂಗಸಾಗಲಿ, ಅಧಿಕಾರಿಯಾಗಲಿ ಸಾಮಾನ್ಯ ಸೈನಿಕನಾಗಲಿ, ಅದು ಒಂದೇ ಆಗಿರಲಿ. ಉಳಿಯುವುದಕ್ಕೆ ಕೊಡುವ ಹಣವು ಪೇಟೆಯನ್ನು ನೋಡಿ ಏರಿಳಿಯುವುದು ಅನಿವಾರ್ಯ. ಆದರೆ ಅದನ್ನು ಶೌರ್ಯದ ಬಹುಮಾನವೆಂದಾಗಲಿ ಅಪಾಯದ ಪರಿಹಾರವೆಂದಾಗಲಿ ಕರೆಯದಿದ್ದರೆ, ಅದು ದೊರೆಯದ ಯಂತ್ರಜ್ಞನಿಗೆ ತನ್ನ ಕೆಲಸಕ್ಕೆ ಕೀಳು ಬೆಲೆ ಕಟ್ಟಿದರೆಂಬ ನೋವು ಇರಲಾರದು. ಸ್ಯಾನ್ ಡಿಯೇಗೊದ ತರುಣರ ಕೋಪಕ್ಕೆ ಹೆಚ್ಚಳದ ಗಾತ್ರ ಕಾರಣವಾಗಿರಲಿಲ್ಲ. ಪ್ರಾಣಭಯಕ್ಕೆಂದು ಹೆಸರಿಟ್ಟ ಹಣವು ಪ್ರಾಣಭಯವಿಲ್ಲದವನ ಕೈಸೇರಿದುದೇ ಕಾರಣ.

ಇನ್ನೊಂದು ಮಾತುಂಟು. ಹಣದಿಂದ ಹಿಡಿದು ನಿಲ್ಲಿಸಬಹುದಾದುದಕ್ಕೂ ಒಂದು ಎಲ್ಲೆಯಿದೆ. ೧೯೯೧ರ ಕೊಲ್ಲಿಯ ಯುದ್ಧದಿಂದೀಚೆಗೆ ಅಮೆರಿಕದ ಚಾಲಕರು ಇರಾಕಿನ ಆಕಾಶದ ಕಾವಲಿಗೂ ಮುಂದಿನ ಯುದ್ಧಗಳಿಗೂ ಮತ್ತೆ ಮತ್ತೆ ಮನೆ ಬಿಟ್ಟು ಹೋಗಬೇಕಾಯಿತು. ಹೊರಟುಹೋದವರು ಹೇಳಿದ ಕಾರಣಗಳಲ್ಲಿ ಸಂಬಳದ ಜೊತೆಗೆ ಹೆಂಡತಿಮಕ್ಕಳ ಅಗಲಿಕೆಯೂ, ಹಾರಾಟಕ್ಕಿಂತ ಹೆಚ್ಚಾದ ಕಾಗದಪತ್ರಗಳ ಹೊರೆಯೂ, ತಮ್ಮ ಮುಂದಿನ ವರ್ಷ ಎಲ್ಲಿ ಕಳೆಯುವುದೆಂಬ ಅನಿಶ್ಚಯವೂ ಇದ್ದವು. ವಿಧವೆಗೆ ಒಂದು ವರ್ಷದ ಸಂಬಳವೆಂದು ಬರೆದ ೧೯೧೪ರ ಕಾಯಿದೆಯು, ಯೋಧನ ಹಿಂದೆ ಒಂದು ಮನೆಯಿದೆಯೆಂಬುದನ್ನು, ಎಷ್ಟೇ ಕೃಪಣವಾಗಿಯಾದರೂ, ನೆನೆದಿತ್ತು. ಬೇಗೂರಿನ ಕಲ್ಲೂ ಅದನ್ನು ನೆನೆದಿದೆ. ಉಳಿಯಲಿ ಎಂದು ಚಾಲಕನಿಗೆ ಹಣ ಕೊಡುವವರು ಆ ಮನೆಯನ್ನೂ ಲೆಕ್ಕಕ್ಕೆ ತಂದುಕೊಂಡರೆ, ಬೋನಸ್ಸಿನ ಅಂಕಿಯು ಇಷ್ಟು ಬೇಗ ಬೇಗ ಏರಬೇಕಾದ ಅಗತ್ಯವು ಪ್ರಾಯಶಃ ಕಡಮೆಯಾದೀತು.